ಗರಾಜಿನ ಫ್ರಿಜ್ಜಿನ ಕೆಳಗಿನ ಖಾನೆ

ಅವತ್ತು ಬೆಳಿಗ್ಗೆ ನಾನು ಅವರೆಕಾಳು ಹಿತಕುತ್ತಾ ಕೂತಿದ್ದೆ. ಇಲ್ಲಿ ಅಮೆರಿಕಾದ ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿ ಸಿಗುವುದು ಫ್ರೀಜರಿನ ಅವರೆ. ಸೊಗಡು ಅಷ್ಟಿರುವುದಿಲ್ಲ, ಆದರೂ ಸಿಗುತ್ತದಲ್ಲ, ಅದೇ ದೇವರು ಕೊಟ್ಟದ್ದು. ಒಂದೊಂದೇ ಕಾಳನ್ನು ಎರಡು ಬೆರಳಿನ ನಡುವೆ ಹಿಡಿದು ಅದುಮಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಜಾರುತ್ತಿತ್ತು. ಎದುರಿಗೆ ಅಮ್ಮ ಹತ್ತಿ ಹರಡಿಕೊಂಡು ಕಾರ್ತೀಕಕ್ಕೆ ಹೂಬತ್ತಿ ಮಾಡುತ್ತಿದ್ದಳು. ಆಗ ಫೋನು ಬಂತು. ಆಸ್ಟಿನ್‌ನ ವೃದ್ಧಾಶ್ರಮದ ನರ್ಸ್. ಮೀನಾ ಆಂಟಿ ಬೆಳಗಿನ ಟೀ ಕುಡಿದು ಕಿಟಕಿಯ ಕಡೆ ಮುಖ ಮಾಡಿ ಕೂತವರು ಹಾಗೆಯೇ ಹೋಗಿಬಿಟ್ಟರು ಎಂದಳು. ಸಂಕಟಪಡಲಿಲ್ಲ ಎಂದೂ ಹೇಳಿದಳು. ತೊಂಬತ್ತು ದಾಟಿದ್ದ ಜೀವ. ಅಮ್ಮನಿಗೆ ಕಿವಿ ಸ್ವಲ್ಪ ಮಂದ, ಯಾರೇ ಅದು ಅಂದಳು. ಆಮೇಲೆ ಹೇಳ್ತೀನಿ ಅಂದೆ. ನನಗೆ ಅಳು ಬರುವ ಮೊದಲು ಭಯ ಬಂತು. ನಾನು ಎಂಟು ವರ್ಷದವಳಿದ್ದಾಗ ಹೇಳಿದ ಒಂದು ಸುಳ್ಳು ಗೊತ್ತಿದ್ದವರು ಈ ಪ್ರಪಂಚದಲ್ಲಿ ಇಬ್ಬರೇ ಇದ್ದೆವು. ಈಗ ನಾನೊಬ್ಬಳೇ ಉಳಿದೆ. ಆ ಸುಳ್ಳಿನಿಂದಾಗಿ ನಲವತ್ತು ವರ್ಷದಿಂದ ಈರುಳ್ಳಿ ಬಾಯಿಗಿಡದವಳು ಎದುರಿಗೆ ಕೂತು ಬತ್ತಿ ಹೊಸೆಯುತ್ತಿದ್ದಳು.

ಆಗ ನಾವಿದ್ದದ್ದು ಹ್ಯೂಸ್ಟನ್‌ನಲ್ಲಿ, ಮೀನಾ ಆಂಟಿಯ ಮನೆಯ ಹಿಂದಿನ ಗರಾಜಿನ ಮೇಲಿದ್ದ ಎರಡು ಕೋಣೆಗಳಲ್ಲಿ. ಮರದ ಮೆಟ್ಟಿಲು. ಹತ್ತುವಾಗ ಮೂರನೆಯ ಹಲಗೆ ಕಿರುಗುಟ್ಟುತ್ತಿತ್ತು. ಒಂದು ಕೋಣೆಯಲ್ಲಿ ಒಲೆ, ಊಟ, ನಮ್ಮ ಓದು. ಇನ್ನೊಂದರಲ್ಲಿ ನಾಲ್ವರೂ ಮಲಗುವುದು. ದೇವರಿಗೆ ಬೇರೆ ಜಾಗವಿರಲಿಲ್ಲ. ಬಟ್ಟೆ ನೇತುಹಾಕುವ ಕ್ಲಾಸೆಟ್ಟಿನೊಳಗೆ ಒಂದು ಹಲಗೆ ಇಟ್ಟು ಅಮ್ಮ ನಂಜುಂಡೇಶ್ವರನ ಪಟ, ಪುಟ್ಟ ಗಣಪತಿ, ಗಂಗೆಯ ಗಿಂಡಿ ಜೋಡಿಸಿದ್ದಳು. ನಂಜುಂಡ ಅವಳ ತೌರಿನ ದೇವರು. ಅಪ್ಪನ ಪ್ಯಾಂಟುಗಳ ಕೆಳಗೆ ದೇವರು ಕೂತಿರುವುದು ಅವಳಿಗೆ ಬಹಳ ಸಂಕಟ. ಪೂಜೆಯ ಹೊತ್ತಿಗೆ ಪ್ಯಾಂಟುಗಳನ್ನೆಲ್ಲ ತೆಗೆದು ಮಂಚದ ಮೇಲೆ ಹಾಕುತ್ತಿದ್ದಳು, ಆಮೇಲೆ ಮತ್ತೆ ನೇತುಹಾಕುತ್ತಿದ್ದಳು. ನಮ್ಮ ಫ್ರಿಜ್ ಮೊಣಕಾಲುದ್ದದ್ದು, ಹಿಟ್ಟಿನ ಪಾತ್ರೆ ಹಿಡಿಸುತ್ತಿರಲಿಲ್ಲ. ಕೆಳಗೆ ಗರಾಜಿನಲ್ಲಿ ಮೀನಾ ಆಂಟಿಯದೇ ಇನ್ನೊಂದು ದೊಡ್ಡ ಫ್ರಿಜ್ ಇತ್ತು. ಅದರ ಮೇಲಿನ ಎರಡು ಖಾನೆ ನಮಗೆ, ಕೆಳಗಿನದು ಅವರಿಗೆ ಎಂದು ಮಾತಾಗಿತ್ತು. ಮೇಲೆ ನಮ್ಮ ಮೊಸರು, ದೋಸೆಹಿಟ್ಟು. ಕೆಳಗೆ ಅವರ ಕಂದು ಕಾಗದದ ಚೀಲಗಳು.

ಅವರ ಪೂರ್ತಿ ಹೆಸರು ವಿಲ್ಹೆಲ್ಮಿನಾ. ಹಾಲೆಂಡಿನ ಕಡೆ ಅದನ್ನು ಮೊಟಕು ಮಾಡಿ ಮೀನಾ ಅನ್ನುತ್ತಾರಂತೆ. ಆ ಹೆಸರೊಂದು ಅಮ್ಮನಿಗೆ ಧೈರ್ಯ ಕೊಟ್ಟಿತ್ತು. ಹೂವಿನ ಗೆಡ್ಡೆ ಬೆಳೆಯುವ ಊರಿನಲ್ಲಿ ತೋಟಗಾರನ ಮಗಳಾಗಿ ಹುಟ್ಟಿ, ಹಡಗಿನ ಕೆಲಸದ ಗಂಡನ ಹಿಂದೆ ಹ್ಯೂಸ್ಟನ್‌ಗೆ ಬಂದು, ಗಂಡ ತೀರಿಕೊಂಡ ಮೇಲೆ ಅವರಿವರ ಮನೆಯ ತೋಟ ನೋಡಿಕೊಳ್ಳುತ್ತಿದ್ದರು. ಬೆಳಗಿನ ಹೊತ್ತು ಮಾತ್ರ ತೋಟಕ್ಕೆ ಕೈ ಹಾಕುತ್ತಿರಲಿಲ್ಲ. ಆಗ ಗಿಡಗಳ ಚಿತ್ರ ಬರೆಯುತ್ತಿದ್ದರು. ಸಸ್ಯಶಾಸ್ತ್ರದವರ ಪುಸ್ತಕಗಳಿಗೆ ಬರೆದುಕೊಡುವ ಚಿತ್ರ ಅದು. ಎಲೆಯ ನರ ಎಷ್ಟಿದೆಯೋ ಅಷ್ಟೇ ಇರಬೇಕು, ಒಂದು ಹೆಚ್ಚಿರಬಾರದು, ಕಮ್ಮಿ ಇರಬಾರದು. ಎತ್ತರದ ಹೆಂಗಸು. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಕನ್ನಡಿ, ಉಗುರಿನ ಸಂದಿಯಲ್ಲಿ ಯಾವಾಗಲೂ ಮಣ್ಣು. ಒಂದು ಸಲ ಅವರ ಅಡುಗೆಮನೆಯ ಜಾಲರಿ ಬಾಗಿಲಿನಿಂದ ಇಣುಕಿದ್ದೆ. ಸಣ್ಣ ಚಾಕುವಿನಿಂದ ಒಂದು ಲಿಲ್ಲಿ ಹೂವಿನ ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ಎರಡು ಹೋಳನ್ನೂ ಬಿಡಿಸಿ, ಕಣ್ಣಿಗೆ ಕನ್ನಡಿ ಹಿಡಿದು ನೋಡುತ್ತಿದ್ದರು. ಹೂವನ್ನು ದೇವರಿಗೆ ಏರಿಸುವುದು, ಮುಡಿಯುವುದು ಇಷ್ಟೇ ಕಂಡಿದ್ದ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ತಲೆ ಎತ್ತದೆಯೇ ಅವರು, ಮೊದಲು ನೋಡು, ಆಮೇಲೆ ಮುಟ್ಟು, ಅಂದರು. ಬೈದದ್ದೋ ಒಳಗೆ ಕರೆದದ್ದೋ ತಿಳಿಯದೆ ಓಡಿಬಂದೆ. ಅವತ್ತಿನಿಂದ ಆ ಬಾಗಿಲು ಕಂಡರೆ ಹೆದರಿ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಆ ಭಯಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಒಂದು ಶುಕ್ರವಾರ ಅಮ್ಮ ಕ್ಲಾಸೆಟ್ಟಿನಲ್ಲಿ ದೀಪ ಹಚ್ಚಿ, ಗಾಳಿಗೆ ಆರದಿರಲಿ ಎಂದು ಬಾಗಿಲು ಮುಂದೆ ಮಾಡಿದ್ದಳು. ಊದುಬತ್ತಿಯ ಹೊಗೆ ಕಿಟಕಿಯಿಂದ ಹೊರಗೆ ಹೋದದ್ದೇ ತಡ, ಮೀನಾ ಆಂಟಿ ದಡದಡ ಮೆಟ್ಟಿಲು ಹತ್ತಿ ಬಂದರು. ಮರದ ಮನೆ, ಬಟ್ಟೆಯ ಮಧ್ಯೆ ಬೆಂಕಿ, ಮೇಲೆ ಮಲಗುವ ಮಕ್ಕಳು ಎಂದು ಕೂಗಾಡಿದರು. ಅಮ್ಮನಿಗೆ ಅರ್ಧ ಅರ್ಥವಾಯಿತು, ಉಳಿದರ್ಧ ಅವರ ಮುಖದಲ್ಲೇ ಗೊತ್ತಾಯಿತು. ದೇವರ ದೀಪ ಆರಿಸೆಂದರೆ ಹೇಗೆ ಆರಿಸಲಿ ಎಂದು ಅಮ್ಮ ಕನ್ನಡದಲ್ಲೇ ವಾದ ಹೂಡಿದಳು. ಅವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ನಾನು ನಡುವೆ ನಿಂತು ಎರಡೂ ಕಡೆಯ ಮಾತನ್ನು ಮೆತ್ತಗೆ ಮಾಡಿ ದಾಟಿಸುತ್ತಿದ್ದೆ. ಕೊನೆಗೆ ಅವರು ಕೆಳಗಿಳಿದು ಹೋಗಿ, ಒಂದು ತಗಡಿನ ತಟ್ಟೆಯ ತುಂಬ ತೋಟದ ಮರಳು ತಂದು ದೀಪದ ಕೆಳಗಿಟ್ಟು, ಕ್ಲಾಸೆಟ್ಟಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು ಹೋದರು. ದೀಪ ಉಳಿಯಿತು. ಆದರೆ ಅಮ್ಮ ಅವತ್ತು ನನ್ನನ್ನೂ ತಮ್ಮನನ್ನೂ ಹತ್ತಿರ ಕೂರಿಸಿಕೊಂಡು, ಇನ್ನೊಂದು ತಪ್ಪಾದರೆ ಅವರು ಮನೆ ಬಿಡಿ ಅಂತಾರೆ, ಅಪ್ಪನಿಗೆ ಈಗ ಕೆಲಸವೂ ಇಲ್ಲ, ಎಲ್ಲಿಗೆ ಹೋಗೋಣ ಅಂದಳು. ಅಪ್ಪ ಎಣ್ಣೆ ಕಂಪನಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದವರು. ಆ ಚಳಿಗಾಲಕ್ಕೆ ಮುಂಚೆ ಆ ಕೆಲಸ ಹೋಗಿತ್ತು. ಅಮ್ಮ ಹಾಗೆ ಹೇಳಿದಾಗಿನಿಂದ ನಾನು ಕಿರುಗುಟ್ಟುವ ಆ ಮೂರನೆಯ ಹಲಗೆಯನ್ನು ತುಳಿಯದೆ ದಾಟುವುದನ್ನು ಕಲಿತೆ.

ನಾನು ಸುಳ್ಳು ಹೇಳಿದ ಆ ಶನಿವಾರ ಅಪ್ಪ ಊರಲ್ಲಿರಲಿಲ್ಲ. ಕೆಲಸ ಹುಡುಕಿಕೊಂಡು ಬಸ್ಸಿನಲ್ಲಿ ಡಲ್ಲಾಸ್‌ಗೆ ಹೋಗಿ, ಪಕ್ಕದ ಇರ್ವಿಂಗ್‌ನಲ್ಲಿ ನಮ್ಮ ಮೈಸೂರಿನವರ ಮನೆಯಲ್ಲಿ ಇಳಿದುಕೊಂಡಿದ್ದರು. ನನ್ನ ತಮ್ಮ ಪ್ರಸನ್ನನಿಗೆ ನಾಲ್ಕು ವರ್ಷ. ವಾರವೆಲ್ಲ ಜ್ವರದಲ್ಲಿ ಮಲಗಿದ್ದು ಅವತ್ತು ಎದ್ದು ಕೂತು ಈರುಳ್ಳಿ ಹುಳಿ ಬೇಕು ಎಂದು ಹಟ ಹಿಡಿದ. ಬಾಯಿಬಿಟ್ಟು ಏನಾದರೂ ಕೇಳಿದನಲ್ಲ ಎಂದು ಅಮ್ಮನಿಗೆ ಹಿಗ್ಗು. ಆದರೆ ಈರುಳ್ಳಿ ಹುಳಿಗೆ ಸಾಂಬಾರ್ ಈರುಳ್ಳಿಯೇ ಆಗಬೇಕು, ಆ ಕಾಲಕ್ಕೆ ಹ್ಯೂಸ್ಟನ್‌ನಲ್ಲಿ ಅದು ಕಣ್ಣಿಗೆ ಬೀಳುತ್ತಿರಲಿಲ್ಲ. ಹಿಂದಿನ ದಿನ ಹಿಟ್ಟು ತೆಗೆಯಲು ಹೋದಾಗ ಕೆಳಗಿನ ಖಾನೆಯಲ್ಲಿ ಒಂದು ಚೀಲದ ಮೂಲೆ ಹರಿದು, ಒಳಗೆ ಕಂದು ಸಿಪ್ಪೆಯ ಪುಟ್ಟ ಪುಟ್ಟ ಗೆಡ್ಡೆ ಇರುವುದನ್ನು ಅವಳು ಕಂಡಿದ್ದಳು. ಊರಲ್ಲಾದರೆ ಪಕ್ಕದ ಮನೆಗೆ ಬಟ್ಟಲು ಕೊಟ್ಟು ಮಗುವನ್ನು ಕಳಿಸುವುದು ದಿನದ ಮಾತು. ಸಕ್ಕರೆಯೋ ಹುಣಿಸೆಹಣ್ಣೋ ಕಡ ತಂದು ಆಮೇಲೆ ಅದೇ ಬಟ್ಟಲಲ್ಲಿ ವಾಪಸ್ ಕೊಡುವುದು. ಅಮ್ಮ ಸ್ಟೀಲಿನ ಬಟ್ಟಲು ನನ್ನ ಕೈಗಿಟ್ಟಳು.

“ಮೀನಾ ಅವರ ಹತ್ರ ಸಾಂಬಾರ್ ಈರುಳ್ಳಿ ಇದೆ ಕಣೇ, ಫ್ರಿಜ್ಜಲ್ಲಿ ಕೆಳಗಡೆ. ಒಂದು ಬಟ್ಟಲು ಈಸ್ಕೊಂಬಾ. ಅಪ್ಪ ಬಂದ್ಮೇಲೆ ವಾಪಸ್ ಕೊಡ್ತೀವಿ ಅನ್ನು. ಕೇಳ್ದೆ ಮಾತ್ರ ಮುಟ್ಬೇಡ.”

ಜಾಲರಿ ಬಾಗಿಲಿನ ತನಕ ಹೋದೆ. ಒಳಗೆ ಅವರು ಬೆನ್ನು ಹಾಕಿ ಕೂತಿದ್ದರು. ಕೈಯಲ್ಲಿ ಅದೇ ಚಾಕು. ಬೆಳಗಿನ ಹೊತ್ತು ಅವರನ್ನು ಯಾರೂ ಕರೆಯಬಾರದು. ಬಾಗಿಲು ತಟ್ಟಲು ಎತ್ತಿದ ಕೈ ಹಾಗೆಯೇ ನಿಂತಿತು. ಇಪ್ಪತ್ತು ಎಣಿಸುವಷ್ಟರಲ್ಲಿ ಅವರೇ ತಿರುಗಿದರೆ ಕೇಳುತ್ತೇನೆ ಎಂದುಕೊಂಡೆ. ಎಣಿಸಿದೆ. ಅವರು ತಿರುಗಲಿಲ್ಲ. ಗರಾಜಿಗೆ ಹೋಗಿ ಕೆಳಗಿನ ಖಾನೆಯ ಆ ಚೀಲದಿಂದ ಬಟ್ಟಲು ತುಂಬಿಕೊಂಡೆ. ಇದ್ದದ್ದೇ ಅಷ್ಟು, ಚೀಲ ಖಾಲಿಯಾಯಿತು. ಅದರ ಮೇಲೆ ಪೆನ್ಸಿಲಿನಲ್ಲಿ ಏನೋ ಬರೆದಿತ್ತು. ಓದಲು ಬರುತ್ತಿತ್ತು, ಓದಲಿಲ್ಲ.

“ಕೇಳಿದ್ಯಾ?”

“ಹೂಂ. ತಗೋ ಅಂದ್ರು.”

ಅಮ್ಮ ಕೈಮುಗಿದು, ನೋಡು, ಒರಟು ಅಂದ್ಕೊಂಡಿದ್ದೆ, ಎಷ್ಟು ಒಳ್ಳೆಯವರು, ಅಂದಳು. ಸುಲಿಯುವಾಗ, ಇದೇನೇ ಘಾಟೇ ಇಲ್ಲ, ಕಣ್ಣಲ್ಲಿ ನೀರೇ ಬರ್ತಿಲ್ಲ, ಅಮೆರಿಕಾದ್ದು ಎಲ್ಲ ಸಪ್ಪೆ ಅಂದಳು. ಅಮ್ಮ ಅಡುಗೆ ಮಾಡುವಾಗ ರುಚಿ ನೋಡುವವಳಲ್ಲ. ದೇವರಿಗೆ ಎಂಜಲಾಗುತ್ತದೆಂದು ಚಿಕ್ಕಂದಿನಿಂದ ಬಂದ ಅಭ್ಯಾಸ, ನೈವೇದ್ಯವಿಲ್ಲದ ದಿನವೂ ಅದು ತಪ್ಪುತ್ತಿರಲಿಲ್ಲ. ಮೊದಲು ಮಕ್ಕಳಿಗೆ ಬಡಿಸಿದಳು. ನಾನು ಹೊಟ್ಟೆನೋವು ಅಂದು ತಟ್ಟೆ ಸರಿಸಿದೆ. ಕೇಳದೆ ತಂದದ್ದನ್ನು ಬಾಯಿಗಿಡಲು ಹೆದರಿಕೆ. ಸುಳ್ಳು ಹೇಳಿದವಳು ತಿನ್ನದೆ ಉಳಿದೆ, ಏನೂ ಅರಿಯದವನು ತಿಂದ. ಒಂದು ತುತ್ತಿಗೇ ಪ್ರಸನ್ನ ಮುಖ ಕಿವುಚಿ ಕಹಿ ಅಂದ.

“ಕಹಿ ಎಲ್ಲಿದೆ ಕಂದಾ, ಜ್ವರದ ಬಾಯಿ ನಿಂದು. ತುಪ್ಪ ಹಾಕ್ತೀನಿ. ಇನ್ನೆರಡೇ ಎರಡು ತುತ್ತು, ನನ್ನ ಬಂಗಾರ.”

ಅವನ ಊಟ ಮುಗಿದು ಹೆಚ್ಚು ಹೊತ್ತಾಗಿರಲಿಲ್ಲ, ಅಮ್ಮ ಇನ್ನೂ ತಟ್ಟೆ ಹಾಕಿಕೊಂಡಿರಲಿಲ್ಲ. ಪ್ರಸನ್ನನ ಬಾಯಿಂದ ಜೊಲ್ಲು ಸುರಿಯತೊಡಗಿತು, ಆಮೇಲೆ ವಾಂತಿ. ನಿಂತಿತು ಅನ್ನುವಷ್ಟರಲ್ಲಿ ಮತ್ತೆ. ಮೂರನೆಯ ಸಲಕ್ಕೆ ಕತ್ತು ನಿಲ್ಲದೆ ಅಮ್ಮನ ತೋಳಿನ ಮೇಲೆ ಜೋತುಬಿದ್ದ. ಅಮ್ಮ ಹೊಕ್ಕುಳಿಗೆ ಇಂಗು ಹಚ್ಚಿದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು, ನಂಜುಂಡಪ್ಪಾ ಕಾಪಾಡು ಅಂದಳು. ನಾನು ಗೋಡೆಗೆ ಅಂಟಿ ನಿಂತಿದ್ದೆ. ಅದು ವಿಷವಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಕೇಳದೆ ತಂದದ್ದಕ್ಕೆ ದೇವರು ಶಿಕ್ಷೆ ಕೊಡುತ್ತಿದ್ದಾನೆ, ಮನೆ ಅಡ್ರೆಸ್ ತಪ್ಪಿದಂತೆ ಶಿಕ್ಷೆ ತಮ್ಮನಿಗೆ ಹೋಗಿದೆ, ಹೋಗಿ ಕ್ಷಮೆ ಕೇಳಿಬಿಟ್ಟರೆ ವಾಂತಿ ನಿಲ್ಲುತ್ತದೆ, ಹೀಗೇ ಯೋಚಿಸಿದ್ದೆ. ಸಹಾಯ ಕೇಳಲು ಹೋದವಳಲ್ಲ ನಾನು, ತಪ್ಪು ಒಪ್ಪಿಕೊಳ್ಳಲು ಓಡಿದೆ. ಮೂರನೆಯ ಹಲಗೆ ತುಳಿದುಕೊಂಡೇ ಓಡಿದೆ. ಈ ಸಲ ತಟ್ಟದೆ ಒಳಗೆ ನುಗ್ಗಿ, ಕೆಳಗಿನ ಖಾನೆಯ ಈರುಳ್ಳಿ ನಾನು ಕದ್ದೆ, ಅಮ್ಮ ಹುಳಿ ಮಾಡಿದಳು, ತಮ್ಮನಿಗೆ ವಾಂತಿ ನಿಲ್ಲುತ್ತಿಲ್ಲ, ಸಾರಿ ಆಂಟಿ, ಸಾರಿ ಅಂದೆ.

ಅವರು ಕುಂಚ ಕೆಳಗಿಟ್ಟರು. ಎಷ್ಟು ತಿಂದ ಎಂದು ಒಂದೇ ಮಾತು ಕೇಳಿದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಮೇಜಿನ ಮೇಲೆ ಅದೇ ಗೆಡ್ಡೆ ಒಂದಿತ್ತು, ಸರಿಯಾಗಿ ನಡುವಿಗೆ ಸೀಳಿದ್ದು, ಪಕ್ಕದಲ್ಲಿ ಅದರ ಚಿತ್ರ. ಪದರ ಪದರವಾಗಿ ಬಣ್ಣ ತುಂಬಿತ್ತು, ಮೇಲೆ ಹೂವಿಗೆಂದು ಅರ್ಧ ಹಾಳೆ ಖಾಲಿ ಬಿಟ್ಟಿತ್ತು. ಆ ಹಾಳೆಯನ್ನು ಹಲಗೆಯಿಂದ ಕಿತ್ತು, ಗೆಡ್ಡೆಯ ಹೋಳುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟರು. ಅಮ್ಮನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಮೀನಾ ಆಂಟಿ ಮನೆಯಲ್ಲಿದ್ದರು, ಅವರ ಟ್ರಕ್ಕು ಸ್ಟಾರ್ಟ್ ಆಯಿತು; ಇವೆರಡನ್ನು ನಾನು ಇವತ್ತಿಗೂ ದೇವರ ಮುಂದೆ ನೆನೆಯುತ್ತೇನೆ. ಗೊಬ್ಬರದ ವಾಸನೆಯ ಆ ಟ್ರಕ್ಕಿನಲ್ಲಿ ಅಮ್ಮ ಬರಿಗಾಲಲ್ಲಿ ಕೂತು, ತೊಡೆಯ ಮೇಲೆ ಮಗುವನ್ನು ಹಾಕಿಕೊಂಡು, ಅವನ ಹೆಸರು ಬಿಟ್ಟು ಬೇರೇನೂ ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ಏನು ತಿಂದ ಎಂದು ಕೇಳಿದಾಗ ಅಮ್ಮ ಆನಿಯನ್ ಆನಿಯನ್ ಎನ್ನುತ್ತಲೇ ಇದ್ದಳು. ಮೀನಾ ಆಂಟಿ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹಾಳೆಯನ್ನು ಡಾಕ್ಟರ ಮುಂದೆ ಹಾಸಿದರು, ಕರವಸ್ತ್ರ ಬಿಚ್ಚಿಟ್ಟರು. ಅದು ಡ್ಯಾಫೋಡಿಲ್ ಹೂವಿನ ಗೆಡ್ಡೆ, ತಿಂದರೆ ವಿಷ. ಹ್ಯೂಸ್ಟನ್‌ನ ಚಳಿ ಅದಕ್ಕೆ ಸಾಲದೆಂದು ಕೆಲವು ವಾರ ಫ್ರಿಜ್ಜಿನಲ್ಲಿಟ್ಟು ಆಮೇಲೆ ನೆಲಕ್ಕೆ ಹಾಕುವುದು. ಹಾಳೆಯ ಕೆಳಗೆ ಬರೆದಿದ್ದ ಹೆಸರನ್ನು ಡಾಕ್ಟರು ಫೋನಿನಲ್ಲಿ ಯಾರಿಗೋ ಅಕ್ಷರ ಅಕ್ಷರ ಬಿಡಿಸಿ ಓದಿದರು. ಅಷ್ಟರಲ್ಲಿ ಪ್ರಸನ್ನ ಮತ್ತೊಮ್ಮೆ ವಾಂತಿ ಮಾಡಿದ. ಅರಿಶಿನದ ನೀರು ಆ ಚಿತ್ರದ ಮೇಲೆ ಹರಿಯಿತು. ಮೀನಾ ಆಂಟಿ ಒರೆಸಲು ಹೋಗಲಿಲ್ಲ.

ಅವನನ್ನು ಒಳಗೆ ಕರೆದುಕೊಂಡು ಹೋಗಿ ಡ್ರಿಪ್ ಹಾಕಿದರು. ಅಮ್ಮ ಜೊತೆಗೆ ಹೋದಳು. ಹೊರಗೆ ಬೆಂಚಿನ ಮೇಲೆ ನಾನು, ಅವರು. ಅವರು ಎದುರಿನ ಗೋಡೆ ನೋಡುತ್ತಲೇ ಮಾತಾಡಿದರು. ಇಂಗ್ಲಿಷಿನಲ್ಲೇ ಹೇಳಿದ್ದು, ನನ್ನ ನೆನಪಿನಲ್ಲಿ ಅದು ಕನ್ನಡವಾಗಿ ಕೂತುಬಿಟ್ಟಿದೆ. ಅವರು ಚಿಕ್ಕವರಿದ್ದಾಗ ಯುದ್ಧದ ಕೊನೆಯ ಚಳಿಗಾಲದಲ್ಲಿ ಅವರ ಊರಿನಲ್ಲಿ ತಿನ್ನಲು ಏನೂ ಉಳಿದಿರಲಿಲ್ಲವಂತೆ. ಟ್ಯೂಲಿಪ್ ಗೆಡ್ಡೆ ತಿಂದರಂತೆ. ನಡುವಿನ ಹಳದಿ ಮೊಳಕೆ ಕಿತ್ತು ಬೇಯಿಸಿದರೆ ಅದನ್ನು ತಿನ್ನಬಹುದು. ಡ್ಯಾಫೋಡಿಲ್ ಮಾತ್ರ ಎಂಥ ಹಸಿವಿನಲ್ಲೂ ತಿನ್ನುವಂತಿಲ್ಲ. ಉಗ್ರಾಣದಲ್ಲಿ ಎರಡೂ ಬೆರೆತು ಬಿದ್ದಿದ್ದವು. ಆರಿಸುವ ಕೆಲಸ ಮಕ್ಕಳದು. ಅವರಿಗೊಬ್ಬ ಪುಟ್ಟ ತಮ್ಮನಿದ್ದ.

“ಆ ಬುಟ್ಟಿ ಆರಿಸಿದವಳು ನಾನು. ಬೆಳಕು ಕಮ್ಮಿಯಿತ್ತು, ಕೈ ಮರಗಟ್ಟಿತ್ತು. ಅವನು ಹಸಿವಿನಿಂದ ಹೋದನೋ, ನನ್ನ ಕೈತಪ್ಪಿನಿಂದ ಹೋದನೋ, ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಭಯ.”

ಆಮೇಲೆ ತೋಟಗಾರನ ಮಗಳು ಚಿತ್ರ ಬರೆಯಲು ಕಲಿತದ್ದು ಅದಕ್ಕೇ. ಯಾವ ಗೆಡ್ಡೆ ಯಾವುದೆಂದು ಕತ್ತಲಲ್ಲಿ ನೋಡಿದವರಿಗೂ ಗೊತ್ತಾಗುವ ಹಾಗೆ. ಹೂವಿಗಿಂತ ಮೊದಲು ಗೆಡ್ಡೆಯನ್ನೇ ಸೀಳಿ ಬರೆಯುತ್ತಿದ್ದರು.

ಸಂಜೆಯ ಹೊತ್ತಿಗೆ ಪ್ರಸನ್ನ ಕಣ್ಣು ಬಿಟ್ಟು ನೀರು ಕೇಳಿದ. ಅಮ್ಮ ಹೊರಗೆ ಬಂದು, ನಡುಗುವ ಇಂಗ್ಲಿಷಿನಲ್ಲಿ ಮೀನಾ ಆಂಟಿಯನ್ನು ಕೇಳಿದಳು, ನೀವು ತಗೋ ಅಂದಿರಂತಲ್ಲ, ಯಾಕೆ ಅಂದಿರಿ. ನಾನು ನೆಲ ನೋಡುತ್ತಿದ್ದೆ. ಆ ಗಳಿಗೆಯಷ್ಟು ಭಯ ನಾನು ನನ್ನ ಹೆರಿಗೆಯಲ್ಲೂ ಪಟ್ಟಿಲ್ಲ. ಅವರು ನನ್ನ ಕಡೆ ಒಮ್ಮೆ ನೋಡಿದರು.

“ಹೌದು. ಕೆಲಸದಲ್ಲಿದ್ದೆ. ಯಾವ ಚೀಲ ಎಂದು ನೋಡದೆ ತಗೋ ಅಂದೆ.”

ನೋಡುವುದೇ ಬದುಕಾಗಿದ್ದ ಹೆಂಗಸು, ನೋಡಲಿಲ್ಲ ಅಂದರು. ಅಮ್ಮ ಕಾರಿಡಾರಿಗೆ ಹೋದಾಗ ನನ್ನ ಕಿವಿಯ ಹತ್ತಿರ ಬಗ್ಗಿ, ನಿನ್ನಮ್ಮನಿಗೆ ನಾನು ಹೇಳುವುದಿಲ್ಲ, ಹೇಳುವ ಧೈರ್ಯ ಬಂದ ದಿನ ನೀನೇ ಹೇಳು ಅಂದರು. ಅಮ್ಮ ಅಲ್ಲೇ, ಕಾಫಿ ಮೆಷಿನ್ನಿನ ಪಕ್ಕದಲ್ಲಿ ನಿಂತು, ವಿಷ ಉಂಡ ದೇವರು ನೀನು, ನನ್ನ ಮಗುವಿನ ವಿಷ ಇಳಿಸಿದೆ, ಇನ್ನು ಈರುಳ್ಳಿ ನನ್ನ ಬಾಯಿಗೆ ಬೇಡ ಎಂದು ನಂಜುಂಡನಿಗೆ ಹರಕೆ ಕಟ್ಟಿಕೊಂಡಳು. ತುಪ್ಪ ಹಾಕಿ ತಿನ್ನಿಸಿದ ಕೈ ಅವಳದು. ಅದು ಅವಳನ್ನು ಬಿಡಲಿಲ್ಲ.

ಅಪ್ಪನಿಗೆ ಡಲ್ಲಾಸ್‌ನಲ್ಲೇ ಕೆಲಸ ಸಿಕ್ಕಿತು, ತಿಂಗಳೊಳಗೆ ನಾವು ಇರ್ವಿಂಗ್‌ಗೆ ಶಿಫ್ಟ್ ಆದೆವು. ಹೊರಡುವ ದಿನ ಮೀನಾ ಆಂಟಿ ಜಗ್ಗಿನಲ್ಲಿ ನಿಂಬೆಹಣ್ಣಿನ ಪಾನಕ ತಂದರು. ಅಮ್ಮ ನಗುತ್ತಲೇ ಬೇಡವೆಂದಳು. ಮುಂದೆಯೂ ಹಾಗೆಯೇ. ಮದುವೆಯಾಗಿ ನಾನು ಈ ಕಡೆ ಬಂದಾಗ ಅವರು ಆಸ್ಟಿನ್‌ಗೆ ಬಂದು ಕಾಡುಹೂಗಳ ಚಿತ್ರ ಬರೆಯುತ್ತಿದ್ದರು. ನಾನು ಹುಡುಕಿಕೊಂಡು ಹೋದೆ, ಆಮೇಲೆ ತಿಂಗಳಿಗೊಂದು ಸಲ ಅನ್ನ ಸಾರು ಒಯ್ಯುತ್ತಿದ್ದೆ. ಅಮ್ಮನೂ ಎರಡು ಸಲ ಬಂದಳು, ಕುರ್ಚಿಯ ತುದಿಯಲ್ಲಿ ಕೂತು ಯೋಗಕ್ಷೇಮ ಮಾತಾಡಿದಳು. ನೀರು ಕೊಟ್ಟರೆ ಬಾಯಾರಿಕೆ ಇಲ್ಲ ಅಂದಳು. ಅವರ ಕೋಣೆಯ ಗೋಡೆಯ ಮೇಲೆ ಆ ಹಾಳೆ ಇತ್ತು. ಗೆಡ್ಡೆ, ಅದರ ಮೇಲೆ ಅರಿಶಿನದ ಕಲೆ, ಮೇಲೆ ಹೂವಿಲ್ಲದ ಖಾಲಿ ಜಾಗ. ಅವರಪ್ಪನ ತೋಟದ ತಳಿ ಅದು, ಇದ್ದ ಗೆಡ್ಡೆಗಳೆಲ್ಲ ನಮ್ಮ ಹುಳಿಗೆ ಬಿದ್ದಿದ್ದವು, ಹೂವು ನೋಡಿ ಬರೆಯಲು ಒಂದೂ ಉಳಿದಿರಲಿಲ್ಲ. ಹೇಳಿದೆಯಾ ಎಂದು ಅವರು ಒಂದು ದಿನವೂ ಕೇಳಲಿಲ್ಲ. ನಾನು ಮಾತ್ರ ಇವತ್ತಿಗೂ ರುಚಿ ನೋಡದೆ ಯಾರಿಗೂ ಬಡಿಸುವುದಿಲ್ಲ. ಯಾರ ಮನೆ ಬಾಗಿಲು ತಟ್ಟುವ ಮುಂಚೆಯೂ ಎದೆ ಹೊಡೆದುಕೊಳ್ಳುತ್ತದೆ. ಪ್ರಸನ್ನನಿಗೆ ಇದೊಂದೂ ನೆನಪಿಲ್ಲ. ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನಲ್ಲಿ ಮನೆ ಮಾಡಿಕೊಂಡು, ಉಪ್ಪಿಟ್ಟಿಗೂ ಹಸಿ ಈರುಳ್ಳಿ ನೆಂಚಿಕೊಂಡು ತಿನ್ನುತ್ತಾನೆ.

ಇಷ್ಟೂ ಒಂದು ಹಿಡಿ ಅವರೆ ಮುಗಿಯುವಷ್ಟರಲ್ಲಿ ನನ್ನ ತಲೆಯಲ್ಲಿ ಓಡಿಹೋಯಿತು. ಕೈ ಒರೆಸಿಕೊಂಡೆ.

“ಅಮ್ಮ, ಮೀನಾ ಆಂಟಿ ಹೋಗ್ಬಿಟ್ರಂತೆ. ಬೆಳಿಗ್ಗೆ.”

ಅಮ್ಮ ಬತ್ತಿ ಹಿಡಿದ ಕೈಯಲ್ಲೇ ಮುಗಿದಳು. ಸುಖದ ಸಾವಾ ಎಂದು ಕೇಳಿದಳು. ಹೂಂ ಅಂದೆ.

“ಪುಣ್ಯವಂತೆ. ಅವತ್ತೊಂದಿನ ಆ ಚೀಲ ನೋಡಿ ಹೇಳಿದ್ದಿದ್ರೆ ತಲೆ ಮೇಲೆ ಇಟ್ಕೋತಿದ್ದೆ ನಾನು.”

ನಾನು ಸುಮ್ಮನಿದ್ದರೆ ಅದು ಹಾಗೆಯೇ ಉಳಿಯುತ್ತಿತ್ತು. ಮೀನಾ ಆಂಟಿ ನೋಡದೆ ಹೇಳಿದವರಾಗಿಯೇ ಉಳಿಯುತ್ತಿದ್ದರು. ಮತ್ತೆ ಆ ಜಾಲರಿ ಬಾಗಿಲಿನ ಮುಂದೆ ನಿಂತಂತಾಯಿತು. ಈ ಸಲ ಎಣಿಸಲಿಲ್ಲ.

“ಅವರು ತಗೋ ಅನ್ಲೇ ಇಲ್ಲ ಕಣಮ್ಮ. ನಾನು ಕೇಳಲೇ ಇಲ್ಲ. ಹೆದರಿಕೆ ಆಯ್ತು. ಕೇಳ್ದೆ ತಂದು ನಿನಗೆ ಸುಳ್ಳು ಹೇಳ್ದೆ. ಅವರು ಅದನ್ನ ತಮ್ಮ ಮೇಲೆ ಹಾಕ್ಕೊಂಡ್ರು.”

ಉಳಿದದ್ದನ್ನೂ ಹೇಳಿದೆ, ಬೆಂಚಿನ ಮೇಲಿನ ಮಾತು, ಅವರ ತಮ್ಮ, ಎಲ್ಲ. ಅಮ್ಮನ ಬೆರಳ ನಡುವೆ ಹತ್ತಿ ನಿಂತಿತ್ತು. ನನ್ನ ಮುಖವನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಉಸಿರಾದರೂ ಬರುತ್ತಿತ್ತು.

“ನಲವತ್ತು ವರ್ಷ ಆಯಮ್ಮನ ಮನೇಲಿ ಒಂದು ಲೋಟ ನೀರು ಕುಡೀಲಿಲ್ಲ ನಾನು.”

ಹರಕೆಯ ಮಾತನ್ನು ನಾನೇ ಎತ್ತಿದೆ. ಇನ್ನಾದರೂ ಈರುಳ್ಳಿ ತಿನ್ನಬಹುದಲ್ಲ ಅನ್ನುವಂತೆ ಏನೋ ತೊದಲಿದೆ.

“ಅದು ನಂಜುಂಡನಿಗೂ ನನಗೂ ಇರೋದು. ತುಪ್ಪ ಹಾಕಿ ತಿನ್ನಿಸಿದ್ದು ನೀನಲ್ಲ.”

ಅಮ್ಮ ಮೇಜು ಹಿಡಿದುಕೊಂಡು ಎದ್ದಳು. ಒಗೆದ ಸೀರೆ ತೆಗೆದು ಹೆಗಲ ಮೇಲೆ ಹಾಕಿಕೊಂಡು, ಬಚ್ಚಲಮನೆಯ ಬಾಗಿಲಲ್ಲಿ ತಿರುಗಿ ನಿಂತಳು.

“ತಲೆಗೆ ನೀರು ಹಾಕ್ಕೊಂಡು ಬರ್ತೀನಿ. ಆಮೇಲೆ ನೀನೂ ಹಾಕ್ಕೋ.”

ನಮ್ಮಲ್ಲಿ ಹಾಗೆ ತಲೆಗೆ ನೀರು ಹಾಕಿಕೊಳ್ಳುವುದು ಮನೆಯವರು ಸತ್ತರೆ, ಇಲ್ಲ ದಾಯಾದಿಗಳು ಸತ್ತರೆ. ಒಳಗೆ ನೀರು ಬೀಳುವ ಸದ್ದು ಕೇಳಿಸಿತು. ಅವಳು ಹೊರಗೆ ಬಂದು ಇನ್ನೇನು ಹೇಳುತ್ತಾಳೋ ಎಂಬ ಭಯ ಇನ್ನೂ ಹೋಗಿರಲಿಲ್ಲ. ಉಳಿದವರ ಸಾರಿಗೆಂದು ತೆಗೆದಿಟ್ಟಿದ್ದ ಈರುಳ್ಳಿಯನ್ನು ವಾಪಸ್ ಬುಟ್ಟಿಗೆ ಹಾಕಿದೆ. ಅರ್ಧ ಪಾತ್ರೆ ಅವರೆ ಉಳಿದಿತ್ತು. ಕೂತು ಹಿತಕತೊಡಗಿದೆ.